ಕ್ಯಾಪ್ಟನ್ ಸಾಹೇಬರ ಫಿಶ್‌ಫೈಂಡರ್

ಫೋನಿನಲ್ಲಿ ಮಾತು ನಿಲ್ಲಿಸಬೇಕಾದ ಕಡೆ ನಿಲ್ಲಿಸಿದ್ದರೆ ಕ್ಯಾಪ್ಟನ್‌ಗೆ ಈ ಗತಿ ಬರುತ್ತಿರಲಿಲ್ಲ.

"ದೋಣಿಗೆ ಫಿಶ್‌ಫೈಂಡರ್ ಹಾಕಿಸಿದೀನಿ ಮಾವ. ನೀರು ಎಷ್ಟು ಆಳ, ಮೀನು ಎಲ್ಲಿ, ಎಲ್ಲಾ ಟೀವಿ ತರ ಕಾಣುತ್ತೆ. ನೀವೊಂದ್ಸಲ ಬರ್ಲೇಬೇಕು!" ಎಂದುಬಿಟ್ಟಿದ್ದ. ಹತ್ತು ಸಲ ಕರೆದರೂ ಬಾರದ ಮಾವ ಒಂದೇ ಮಾತಿಗೆ ಭಾನುವಾರ ಬೆಳಿಗ್ಗೆ ಗಾಳ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

ಕ್ಯಾಪ್ಟನ್ ಎಂದರೆ ನಿಜವಾದ ಕ್ಯಾಪ್ಟನ್ ಅಲ್ಲ. ಅವನದು ಕನ್ನಡಕದ ಅಂಗಡಿ. ಅಗ್ಗಕ್ಕೆ ಸಿಕ್ಕಿತೆಂದು ಹಳೇ ದೋಣಿಯೊಂದನ್ನು ಕೊಂಡು ಮನೆಯ ಹಿಂದಿನ ಕೆರೆಯಲ್ಲಿ ಕಟ್ಟಿದ್ದ. ಭಾನುವಾರಕ್ಕೊಮ್ಮೆ ಅದನ್ನು ಸೋಪು ಹಾಕಿ ತೊಳೆದು, ಕಪ್ಪು ಕನ್ನಡಕ ಏರಿಸಿ, ದೋಣಿಯಲ್ಲಿ ಕೂತು ಪೇಪರ್ ಓದಿ ಇಳಿದು ಬರುತ್ತಿದ್ದ. ಹಗ್ಗ ಬಿಚ್ಚಿದ್ದು ಮಾತ್ರ ಇಲ್ಲ. ನೀರೆಂದರೆ ಅವನಿಗೆ ಜೀವಭಯ. ಮುಖ ತೊಳೆಯುವಾಗಲೂ ಒಂದು ಕೈಯಲ್ಲಿ ಗೋಡೆ ಹಿಡಿದುಕೊಳ್ಳುವ ಆಸಾಮಿ. ಈ ಗುಟ್ಟು ಹೆಂಡತಿಗೂ ಗೊತ್ತಿರಲಿಲ್ಲ. ಇವತ್ತು ಮಾವನ ಎದುರು ಅದು ಬಯಲಾದರೆ ಮಾನ ಮೂರು ಕಾಸಿಗೆ ಹರಾಜು.

"ನೀವು ಕಾಫಿ ಕುಡೀರಿ ಮಾವ, ನಾನು ದೋಣಿ ರೆಡಿ ಮಾಡ್ತೀನಿ" ಎಂದು ಕ್ಯಾಪ್ಟನ್ ಹಿತ್ತಲಿಗೆ ಓಡಿದ. ಯಂತ್ರದ ಜೊತೆ ಬಂದಿದ್ದ ಪುಸ್ತಕದಲ್ಲಿ 'ಸಾಮಾನ್ಯ ತೊಂದರೆಗಳು' ಎಂಬ ಪುಟವಿತ್ತು. ಬರೆದ ಪುಣ್ಯಾತ್ಮ ಕೆಟ್ಟದ್ದನ್ನು ಸರಿಮಾಡಲೆಂದು ಬರೆದಿದ್ದ. ಕ್ಯಾಪ್ಟನ್ ಅದನ್ನೇ ಉಲ್ಟಾ ಓದಿದ. ಪರದೆ ಬೆಳಗದಿದ್ದರೆ ಫ್ಯೂಸ್ ನೋಡಿ ಎಂದಿತ್ತು. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ.

"ಅಯ್ಯೋ, ಕೈಕೊಡ್ತಲ್ಲ ಮಾವ! ಯಂತ್ರ ಆನ್ ಆಗ್ತಾನೇ ಇಲ್ಲ!" ಎಂದು ಕೂಗಿದ. ಅಷ್ಟು ಜೋರಾಗಿ ಕೂಗಬಾರದಿತ್ತು. ಪಕ್ಕದ ಮನೆಯ ರೇಡಿಯೋ ರಿಪೇರಿಯವನು ಬೇಲಿ ದಾಟಿ ಹಾಜರಾದ. ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ತರರು ಛತ್ರಿ ಸಮೇತ ಬಂದರು. ಹಿಂದೆಯೇ ಮಾವ.

"ಇದರಲ್ಲಿ ಫ್ಯೂಸೇ ಇಲ್ವಲ್ರೀ ಕ್ಯಾಪ್ಟನ್!" ಎಂದ ರೇಡಿಯೋದವನು.

"ಇಲಿ ತಿಂದಿರ್ಬೇಕು."

"ಗಾಜಿನ ಫ್ಯೂಸನ್ನ ಯಾವ ಇಲೀರೀ ತಿನ್ನುತ್ತೆ?" ಎಂದರು ಹೆಡ್‌ಮಾಸ್ತರರು. ರೇಡಿಯೋದವನ ಅಂಗಿ ಜೇಬಿನಲ್ಲಿ ಎಲೆ ಅಡಿಕೆಯಂತೆ ಫ್ಯೂಸುಗಳು ಸದಾ ಇರುತ್ತಿದ್ದವು. ಒಂದನ್ನು ಸಿಕ್ಕಿಸಿದ. ಪರದೆ ಝಗ್ಗೆಂದಿತು.

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಕ್ಯಾಪ್ಟನ್ ದೋಣಿಯ ಹಿಂಬದಿಗೆ ಸರಿದ. ನೀರಿನೊಳಗೆ ಮುಳುಗಿರುವ ಸೆನ್ಸರಿಗೆ ಕೊಳೆ ಹಿಡಿದರೆ ಏನೂ ಕಾಣುವುದಿಲ್ಲವೆಂದು ಪುಸ್ತಕ ಹೇಳಿತ್ತು. ಕಣ್ಣು ಮುಚ್ಚಿ, ಬಾಗಿ, ಮುಷ್ಟಿ ತುಂಬ ಗ್ರೀಸ್ ಮೆತ್ತಿದ. ಪರದೆ ಖಾಲಿಯಾಯಿತು. ಆದರೆ ಹೆಡ್‌ಮಾಸ್ತರರು ನಿವೃತ್ತರಾದದ್ದು ಶಾಲೆಯಿಂದ ಮಾತ್ರ, ತಪ್ಪು ಹುಡುಕುವುದರಿಂದಲ್ಲ. ಬಗ್ಗಿ ನೋಡಿ, "ಛೆ ಛೆ, ಎಷ್ಟು ಗಲೀಜು ಇಟ್ಕೊಂಡಿದೀರಿ!" ಎಂದು ಬೈದು, ತಮ್ಮ ಕರ್ಚೀಫಿನಿಂದಲೇ ಉಜ್ಜಿ ಉಜ್ಜಿ ಕ್ಲೀನ್ ಮಾಡಿದರು.

"ಒಳ್ಳೇ ನೆರೆಹೊರೆ ಅಳಿಯಂದ್ರೇ! ಪುಣ್ಯ ಮಾಡಿದೀರಿ" ಎಂದರು ಮಾವ. ಅವರ ದನಿ ಯಾಕೋ ಸಣ್ಣಗಿತ್ತು. ಕ್ಯಾಪ್ಟನ್ ತಾನು ಮಾಡಿದ ಪಾಪಗಳನ್ನು ನೆನೆಯುತ್ತಿದ್ದ.

ಕೊನೆಯ ಅಸ್ತ್ರ ಒಂದಿತ್ತು. ಯಂತ್ರ ಮಾರುವ ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಅದರಲ್ಲಿ ಸುಳ್ಳು ಚಿತ್ರ ಓಡಿಸುವ ಒಂದು ಡೆಮೊ ಇರುತ್ತದೆ, ಅದು ತಪ್ಪಿ ಆನ್ ಆದರೆ ಪರದೆಯನ್ನು ನಂಬಬೇಡಿ ಎಂದು ಪುಸ್ತಕದಲ್ಲಿತ್ತು. ಕ್ಯಾಪ್ಟನ್ ಯಾರೂ ಕಾಣದಂತೆ ಅದನ್ನೇ ಒತ್ತಿದ.

ಪರದೆಯ ತುಂಬ ಮೀನು! ಸಣ್ಣವು, ದೊಡ್ಡವು, ಮದುವೆ ದಿಬ್ಬಣದಂತೆ ಸಾಲುಗಟ್ಟಿ ಹೊರಟಿದ್ದವು.

"ಅಬ್ಬಬ್ಬಾ! ಬಿಚ್ರೀ ಹಗ್ಗ!" ಎಂದು ಕುಣಿದ ರೇಡಿಯೋದವನು.

"ನಾನೂ ಬರ್ತೀನಿ" ಎಂದು ಹೆಡ್‌ಮಾಸ್ತರರು ಪಂಚೆ ಎತ್ತಿ ಕಟ್ಟಿದರು. ಅವರ ಕೈ ಆಗಲೇ ಹಗ್ಗದ ಗಂಟಿನ ಮೇಲಿತ್ತು.

ಕ್ಯಾಪ್ಟನ್ ಅಡ್ಡ ಬಂದ. "ತಡೀರಿ, ತಡೀರಿ! ಯಂತ್ರ ಸುಳ್ಳು ಹೇಳ್ತಿದೆ! ಇಲ್ಲಿ ಎಂಬತ್ತು ಅಡಿ ಆಳ ಅಂತ ತೋರಿಸ್ತಿದೆ, ನೋಡಿ! ಇಲ್ಲಿರೋದು ಸೊಂಟದ ಮಟ್ಟದ ನೀರು!"

"ಯಂತ್ರ ಯಾಕ್ರೀ ಸುಳ್ಳು ಹೇಳುತ್ತೆ?" ಎಂದರು ಹೆಡ್‌ಮಾಸ್ತರರು. ಗಂಟು ಸಡಿಲವಾಯಿತು.

ಬೇರೆ ದಾರಿ ಉಳಿದಿರಲಿಲ್ಲ. ಕೆರೆಯ ನಡುವಿನ ಆಳಕ್ಕಿಂತ ಕಟ್ಟೆಯ ಪಕ್ಕದ ಸೊಂಟದ ಮಟ್ಟದ ನೀರೇ ವಾಸಿ. ಕ್ಯಾಪ್ಟನ್ ಕಣ್ಣು ಮುಚ್ಚಿ, ಹುಟ್ಟಿದ ಮೇಲೆ ಮೊದಲ ಸಲ, ಕೆರೆಗೆ ಧುಮುಕಿದ. ಕೆಸರು ತಾಗಿತು, ಕಾಲು ನಿಂತಿತು. ಕಣ್ಣು ಬಿಟ್ಟು ನೋಡಿದರೆ ತಾನಿನ್ನೂ ಬದುಕಿದ್ದ.

"ನೋಡಿದ್ರಾ? ಇದೇನಾ ಎಂಬತ್ತು ಅಡಿ?" ಎಂದು ಕಿರುಚಿದ.

ರೇಡಿಯೋದವನು ಪರದೆ ನೋಡಿದ, ಕ್ಯಾಪ್ಟನ್‌ನ ಸೊಂಟ ನೋಡಿದ, ತಲೆ ಕೊಡವಿದ. "ಇದಕ್ಕೆ ತಲೇನೇ ಕೆಟ್ಟಿದೆ. ಕಂಪನಿಗೆ ಕಳಿಸ್ಬೇಕು. ತಿಂಗಳಾದ್ರೂ ಹಿಡಿಯುತ್ತೆ."

ಕ್ಯಾಪ್ಟನ್‌ಗೆ ಹೋದ ಜೀವ ಬಂದಂತಾಯಿತು. ಗಾಳಿ ತಂಪೆನಿಸಿತು, ಹೆಡ್‌ಮಾಸ್ತರರ ಮುಖ ಕೂಡ ಚೆಂದ ಕಂಡಿತು. ಮೇಲೆ ಹತ್ತಿ ಬಂದು ಒದ್ದೆ ಪ್ಯಾಂಟಿನಲ್ಲೇ ಸಿಳ್ಳೆ ಹಾಕಿದ.

ಮಾವ ಅವನನ್ನು ಪಕ್ಕಕ್ಕೆ ಕರೆದರು. "ಅಳಿಯಂದ್ರೇ, ಸದ್ಯ, ಬದುಕಿದೆ! ರಾತ್ರಿಯೆಲ್ಲಾ ನಿದ್ದೆಯಿಲ್ಲ. ನನಗೆ ನೀರು ಅಂದ್ರೆ ಪ್ರಾಣಭಯ. ನೀವು ಅಷ್ಟು ಪ್ರೀತಿಯಿಂದ ಕರೆದಾಗ ಇಲ್ಲ ಅನ್ನೋಕೆ ನಾಚಿಕೆ ಆಯ್ತು."

ಕ್ಯಾಪ್ಟನ್‌ಗೆ ಮಾವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. "ಮಾವ, ನಿಜ ಹೇಳ್ಬೇಕೂಂದ್ರೆ ನನಗೂ..."

"ಬೇಡ, ಏನೂ ಹೇಳ್ಬೇಡಿ! ನೀವು ಹೆದರದೆ ಧುಮುಕಿದ್ದು ನೋಡಿದೆನಲ್ಲ, ಆಗಲೇ ತೀರ್ಮಾನ ಮಾಡಿದೆ. ಯಂತ್ರ ಬರೋವರೆಗೂ ಇಲ್ಲೇ ಇರ್ತೀನಿ. ದಿನಾ ಬೆಳಿಗ್ಗೆ ನೀವೇ ನನಗೆ ಈಜು ಕಲಿಸ್ಬೇಕು. ಇವರಿಬ್ಬರಿಗೂ ಬರಲ್ವಂತೆ, ಅವರೂ ಸೇರ್ತಾರೆ. ಒಳ್ಳೇ ಕೆಲಸ ಯಾಕೆ ಮುಂದೂಡೋದು, ಈಗಲೇ ಶುರು ಮಾಡೋಣ."

ಕ್ಯಾಪ್ಟನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದೋಣಿಯಲ್ಲಾದರೆ ನೀರು ಹೊರಗಾದರೂ ಇರುತ್ತದೆ! ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿ, ದೋಣಿಗೆ ಹಾರಿ, ಡೆಮೊ ಬಂದ್ ಮಾಡಿದ. ಪರದೆಯ ಮೇಲೆ ಮೂರು ಅಡಿ ಎಂದು ಸರಿಯಾಗಿ ಮೂಡಿತು.

"ಮಾವ! ಯಂತ್ರ ಸರಿಹೋಯ್ತು! ಬನ್ನಿ, ಹಗ್ಗ ಬಿಚ್ತೀನಿ, ಮೀನು ಹಿಡಿಯೋಕೆ ಹೋಗೋಣ!"

ಮಾವ ಆಗಲೇ ಚಡ್ಡಿಯಲ್ಲಿ ನಿಂತಿದ್ದರು. ಅವರ ಹಿಂದೆ ರೇಡಿಯೋದವನು, ಅವನ ಹಿಂದೆ ಟವೆಲ್ ಹೊದ್ದ ಹೆಡ್‌ಮಾಸ್ತರರು.

"ಸರಿಹೋಯ್ತಾ? ಬಹಳ ಒಳ್ಳೇದಾಯ್ತು" ಎಂದರು ಮಾವ ನೆಮ್ಮದಿಯಿಂದ. "ಅದನ್ನ ಆನ್ ಮಾಡೇ ಇಟ್ಟಿರಿ. ನಾವ್ಯಾರಾದ್ರೂ ಮುಳುಗಿದ್ರೆ ಎಲ್ಲಿದೀವಿ ಅಂತ ನಿಮಗೆ ಕಾಣುತ್ತೆ."