ಕ್ಷೀರಾವತಿಯ ಸರಾಸರಿ ಬಾವಿ

ಅಧಿಕಾರಿಗಳು ಇನ್ನೂ ಪಲ್ಲಕ್ಕಿಯಲ್ಲಿ ಓಡಾಡುತ್ತಿದ್ದಷ್ಟು ಹಿಂದೆ, ಕ್ಷೀರಾವತಿ ಎಂಬ ರಾಜ್ಯವೊಂದಿತ್ತು. ಅದರ ದೊರೆ ಘೃತವರ್ಮ ಮಹಾರಾಜರಿಗೆ ಹತ್ತು ಸಾವಿರ ಎಮ್ಮೆಗಳು. ಹಾಲು ಅರಮನೆಗೆ ಹೋಗುತ್ತಿತ್ತು, ತುಪ್ಪ ಪರದೇಶಕ್ಕೆ. ಸಗಣಿ ಮಾತ್ರ ಎಲ್ಲಿಗೂ ಹೋಗದೆ ಕೋಟೆಯ ಪಕ್ಕದಲ್ಲೇ ಇನ್ನೊಂದು ಕೋಟೆಯಾಗಿ ಬೆಳೆದು ಮಹಾರಾಣಿಯವರ ಕಿಟಕಿಯ ಮಟ್ಟ ಮುಟ್ಟಿತು. ಅವರು ಮೂಗು ಮುಚ್ಚಿಕೊಂಡ ಮಧ್ಯಾಹ್ನವೇ ರಾಜಾಜ್ಞೆ ಹೊರಟಿತು: ಸಮಸ್ತ ಸಗಣಿಯನ್ನೂ 'ಉಚಿತ ಗೊಬ್ಬರ ವರಪ್ರಸಾದ ಯೋಜನೆ'ಯಡಿ ಮರಳ್ಗೇರಿ ಎಂಬ ಹಳ್ಳಿಯ ಹೊಲಗಳಿಗೆ ಸುರಿಯತಕ್ಕದ್ದು. ಮರಳ್ಗೇರಿಯ ಕಡೆಯಿಂದ ಅರಮನೆಗೆ ಗಾಳಿ ಬೀಸುವುದಿಲ್ಲ ಎಂಬುದು ಅದರ ಅರ್ಹತೆ.

ಆದರೆ ಕ್ಷೀರಾವತಿ ನಿಯಮಬದ್ಧ ರಾಜ್ಯ. ಏನನ್ನೇ ಮಾಡುವ ಮೊದಲು ಅಪಾಯದ ಅಂದಾಜು ಆಗಲೇಬೇಕು. ಮಾಡಿ ಮುಗಿಸಿದ ಮೇಲಾದರೂ ನಡೆಯುತ್ತದೆ. ತಜ್ಞನೆಂದು ಮರಳ್ಗೇರಿಯ ಕೆಂಚೀರಪ್ಪನನ್ನು ಕರೆಸಿದರು. ನಲವತ್ತು ವರ್ಷ ಬಾವಿ ತೋಡಿದ ಅವನು, ಹಾರೆ ತಾಗಿದ ಸದ್ದಿನಲ್ಲೇ ಕೆಳಗಿರುವುದು ಜೇಡಿಯೋ ಮರಳೋ ಹೇಳಬಲ್ಲವನಾಗಿದ್ದ.

"ಬುದ್ಧಿ, ನಮ್ದು ಮರಳು ನೆಲ. ಎರಡಾಳು ಆಳ ಅಗೆದ್ರೆ ನೀರು," ಎಂದ ಕೆಂಚೀರಪ್ಪ. "ಪೈರು ಉಣ್ಣೋವಷ್ಟು ಗೊಬ್ಬರ ಹಾಕಿ, ಬ್ಯಾಡ ಅನ್ನಲ್ಲ. ಈ ಗುಡ್ಡಾನೆಲ್ಲ ಸುರುದ್ರೆ ಮಿಕ್ಕಿದ್ದು ಮಳೇಲಿ ಕರಗಿ ಸೀದಾ ಬಾವಿಗಿಳೀತದೆ. ಪೈರು ಬಿಟ್ಟಿದ್ದನ್ನ ನಾವು ಕುಡೀಬೇಕಾಯ್ತದೆ."

ಅಂಕಿಸಚಿವ ಸಮಚಿತ್ತರಾಯರು ಕನಿಕರದಿಂದ ನಕ್ಕರು.

"ಇದು ಅನುಭವ. ನಮಗೆ ಬೇಕಿರುವುದು ಡೇಟಾ. ಪ್ರಭು, ಅರಮನೆ ಬೆಟ್ಟದ ಬಾವಿ ನಲವತ್ತು ಆಳು ಆಳ. ಮರಳ್ಗೇರಿಯದು ಎರಡು. ಕೂಡಿಸಿ ಅರ್ಧ ಮಾಡಿದರೆ ಇಪ್ಪತ್ತೊಂದು. ಇಪ್ಪತ್ತಿದ್ದರೆ ಅಪಾಯವಿಲ್ಲವೆಂದು ಶಾಸ್ತ್ರವಿದೆ."

"ಒಂದು ಹೆಚ್ಚೇ ಇದೆಯಲ್ಲ!" ಮಹಾರಾಜರು ಹಿಗ್ಗಿದರು.

"ಆ ಒಂದು ಪ್ರಭುಗಳ ಪುಣ್ಯ."

ಕೆಂಚೀರಪ್ಪನಿಗೆ ಶಾಲು ಹೊದಿಸಿ ವರದಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಳಗೇನು ಬರೆದಿದೆ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಊರಿಗೆ ಹೋಗುವ ದಾರಿಯುದ್ದಕ್ಕೂ ಆ ಬೆರಳನ್ನು ಪಂಚೆಗೆ ಒರೆಸುತ್ತಲೇ ಇದ್ದ.

ಗಾಡಿಗಳು ಬಂದವು. ಮಳೆಯೂ ಬಂತು. ಬಾವಿಯ ನೀರು ಮೊದಲಿನಂತೆಯೇ ತಿಳಿಯಾಗಿತ್ತು, ಬಣ್ಣವಿಲ್ಲ, ನಾತವಿಲ್ಲ. ಅದರಲ್ಲೇ ಹಿಟ್ಟು ಕದಡಿ ಕೆಂಚೀರಪ್ಪನ ಸೊಸೆ ಹೊಂಬಾಳಮ್ಮ ಮೂರು ತಿಂಗಳ ಕೂಸಿಗೆ ಕುಡಿಸಿದಳು. ಕೂಸಿನ ತುಟಿ ನೇರಳೆಗೆ ತಿರುಗಿತು.

"ಮಾವ, ಇದಕ್ಕೆ ಅಳಾಕೂ ಸುಸ್ತು," ಎಂದಳು.

ಕೆಂಚೀರಪ್ಪ ಕೂಸನ್ನೆತ್ತಿಕೊಂಡು ಆಸ್ಥಾನಕ್ಕೆ ಓಡಿದ. ರಾಜವೈದ್ಯರು ಉಗುರು ನೋಡಿ, "ಬೇರೆ ನೀರು ಕುಡಿಸಿ, ಉಳಿಯುತ್ತದೆ," ಎಂದು ಪಿಸುಗುಟ್ಟಿದರು. ಮಹಾರಾಜರ ಕಣ್ಣು ತುಂಬಿತು.

"ಕೂಡಲೇ ಮಾನದಂಡ ಬಿಗಿಗೊಳಿಸಿ!"

"ಆಯಿತು ಪ್ರಭು. ಇಂದಿನಿಂದ ಇಪ್ಪತ್ತೈದು ಆಳು," ಎಂದರು ಸಮಚಿತ್ತರಾಯರು. "ಇಷ್ಟು ಕಟ್ಟುನಿಟ್ಟು ಯಾವ ರಾಜ್ಯದಲ್ಲೂ ಇಲ್ಲ."

"ಹಂಗಾರೆ ಸಗಣಿ ನಿಲ್ಲಿಸ್ತೀರಾ, ಬುದ್ಧಿ?"

"ಏಕೆ? ಅರಮನೆಯ ಬಾವಿಯನ್ನು ಇನ್ನೆಂಟು ಆಳು ಇಳಿಸಿದರೆ ಸರಾಸರಿ ತಾನಾಗಿಯೇ ಇಪ್ಪತ್ತೈದು!"

ಫಲಾನುಭವಿಗಳು ಮರಳ್ಗೇರಿಯವರಾದ್ದರಿಂದ ತೋಡುವ ಬಿಟ್ಟಿ ಕೆಲಸವೂ ಅವರದೇ ಆಯಿತು. ಕೆಂಚೀರಪ್ಪ ತಿಂಗಳುಗಟ್ಟಲೆ ಬಂಡೆ ಒಡೆದ. ಊರಿನಲ್ಲಿ ಹೊಂಬಾಳಮ್ಮ ಸೂರಿನ ಮಳೆನೀರು ಹಿಡಿದಿಟ್ಟು, ಅದನ್ನೇ ಕುಡಿಸಿ ಕೂಸನ್ನು ಹೇಗೋ ಉಳಿಸಿಕೊಂಡಳು. ಆಮೇಲೆ ಮಳೆ ನಿಂತಿತು.

ಎಂಟನೆಯ ಆಳಿಗೆ ಸಿಹಿನೀರು ಚಿಮ್ಮಿತು. ಮಹಾರಾಜರಿಗೆ 'ಅಂತರ್ಜಲ ಚಕ್ರವರ್ತಿ' ಎಂಬ ಬಿರುದು ಬಂತು. ಆ ಗದ್ದಲದಲ್ಲಿ ಕೆಂಚೀರಪ್ಪ ಸೋರೆಬುರುಡೆಗೆ ನೀರು ತುಂಬಿಕೊಂಡು ಹೊರಟ. ಬಾಗಿಲಲ್ಲಿ ಸಮಚಿತ್ತರಾಯರು ತಡೆದರು.

"ಇದೇನಯ್ಯ? ಇವತ್ತಿನಿಂದ ನಿಮ್ಮೂರ ನೀರೂ ಇಷ್ಟೇ ಶುದ್ಧ. ನೀನೇ ಇಲ್ಲಿಂದ ಹೊತ್ತುಕೊಂಡು ಹೋದರೆ ಜನ ಏನೆಂದುಕೊಂಡಾರು?"

ಬುರುಡೆಯನ್ನು ಅಲ್ಲೇ ಬರಿದು ಮಾಡಿಸಿ, ಅದರೊಳಗೆ ಶುದ್ಧತೆಯ ಪ್ರಮಾಣಪತ್ರವನ್ನು ಸುರುಳಿ ಸುತ್ತಿ ತುರುಕಿದರು.

ಅವನು ಮನೆ ಮುಟ್ಟುವ ಹೊತ್ತಿಗೆ, ಹೂಮಾಲೆ ಹಾಕಿಕೊಂಡ ಸಗಣಿ ಗಾಡಿಗಳು ಅವನಿಗಿಂತ ಮೊದಲೇ ಊರು ಹೊಕ್ಕಿದ್ದವು. ಹೊಂಬಾಳಮ್ಮ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬುರುಡೆಯನ್ನು ಬಗ್ಗಿಸಿದಳು. ಕಾಗದ ಬಿತ್ತು.

"ನೀರೆಲ್ಲಿ, ಮಾವ?"

"ಅರಮನೇಲೈತೆ ಕಣವ್ವ," ಎಂದು ಕೆಂಚೀರಪ್ಪ ಜಗಲಿಯ ಮೇಲೆ ಕುಸಿದ. "ಲೆಕ್ಕದಲ್ಲಿ ಅರ್ಧ ನಮ್ದಂತೆ."