ಜಾಲಿಗೆ ಹಾಕಿಸಿದ ಬೇಲಿ

ಎರಡು ಕಲಂ ಎಳೆಸಿ 'ವ್ಯತ್ಯಾಸ ತಿಳಿಸಿ' ಎಂದು ಮಕ್ಕಳಿಂದ ಬರೆಸಿ ಬರೆಸಿ ನನಗೂ ಅದೇ ಚಟ ಅಂಟಿದೆ. ಶಹಾಪುರದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರ ನಾನು. ಸಂತೆಯಲ್ಲಿ ಎರಡು ಬದನೆಕಾಯಿ ಕೈಗೆತ್ತಿಕೊಂಡರೂ ವ್ಯತ್ಯಾಸ ಹುಡುಕುತ್ತೇನೆ. ಈಗ ಕೂತಲ್ಲಿ ನಿಂತಲ್ಲಿ ನನ್ನನ್ನು ಕಾಡುತ್ತಿರುವುದು ಒಂದೇ ಜೋಡಿ: ಎಲ್ಲೂ ಸಿಗದ ಒಂದು ಜಾಲಿ ಗಿಡ, ಎಲ್ಲೆಂದರಲ್ಲಿ ಸಿಗುವ ಒಂದು ಪತಂಗ. ನೆನೆದರೆ ಅಳು ಬರುತ್ತದೆ.

ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದಾಗ ಬದುವಿನ ಜಾಲಿಗಳು ಒಲೆ ಸೇರಿದವು. ಕೆಂಭಾವಿ ಹತ್ತಿರ ಮಾವನ ಹೊಲದಲ್ಲಿದ್ದ ಅಪರೂಪದ ಜಾತಿಯ ಜಾಲಿಯೂ ಹೋಯಿತು. ಅದಕ್ಕೂ ಮುಂಚೆ ನಾನು ಕಿಸೆಗೆ ಹಾಕಿಕೊಂಡ ಬೀಜಗಳಲ್ಲಿ ಒಂದೇ ಒಂದು ನಮ್ಮ ಹಿತ್ತಲಲ್ಲಿ ಹುಟ್ಟಿ ನನ್ನ ಎದೆಯೆತ್ತರ ಬೆಳೆದಿತ್ತು. ಈ ಸೀಮೆಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿ ಬೀಗುತ್ತಿದ್ದೆ. ಪಾಪ, ಮೈಯೆಲ್ಲ ಮುಳ್ಳಿದ್ದರೂ ಆಡುಗಳು ಅದನ್ನು ಲೆಕ್ಕಿಸದೆ ಮೇಯುತ್ತಿದ್ದವು. ಅದೇ ಗಿಡದಲ್ಲಿದ್ದ ಪತಂಗದ ಹುಳವೋ ಬಲು ಜಾಣ. ಗಿಡದ ಕಡ್ಡಿಗಳನ್ನೇ ಕತ್ತರಿಸಿ ಸುತ್ತ ಅಂಟಿಸಿಕೊಂಡು, ಒಳಗೆ ಬೆಚ್ಚಗೆ ಕೂತು, ತಲೆಯಷ್ಟೇ ಹೊರಹಾಕಿ ಎಲೆ ತಿನ್ನುತ್ತದೆ. ಹಿಂದಿನ ಜನ್ಮದಲ್ಲಿ ಕಟ್ಟಿಗೆ ಕದ್ದವರು ಹೀಗೆ ಹುಟ್ಟುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು.

ಆಡಿನ ಕಾಟ ತಾಳದೆ ದೋರನಹಳ್ಳಿಯ ಕೂಲಿಯಾಳು ಭೀಮಣ್ಣನನ್ನು ಕರೆಸಿದೆ. "ಹಿತ್ತಲದಾಗಿನ ಗಿಡಕ್ಕ ಒಂದು ಛಲೋ ಬೇಲಿ ಹಚ್ಚಪಾ" ಎಂದು ಹೇಳಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಮೊಣಕಾಲೆತ್ತರದ ಕರಿಬೇವಿನ ಸುತ್ತ ಭದ್ರವಾದ ಮುಳ್ಳುಬೇಲಿ. ಜಾಲಿ ಇದ್ದಲ್ಲಿ ಒಂದು ಕುಣಿ. ಬೇರನ್ನೂ ಬಿಡದೆ ತುಂಡು ಮಾಡಿ ಒಲೆಗೆಂದು ಪೇರಿಸಿದ್ದ.

"ಏನ್ ಮಾಡಿದಿ ಭೀಮಣ್ಣಾ!"

"ಯಾಕ್ರಿ ಸರ? ಮುಳ್ಳು ಹಿತ್ತಲದಾಗೇ ಇತ್ತು. ಹೊರಗಿಂದ ತರೂದು ತಪ್ಪಿತು ನೋಡ್ರಿ."

"ಬೇಲಿ ಬೇಕಾಗಿದ್ದದ್ದು ಆ ಜಾಲಿಗೇ!"

ಅವನು ನನ್ನ ಮುಖವನ್ನೇ ನೋಡಿದ. "ಮುಳ್ಳಿಗೆ ಯಾರರ ಮುಳ್ಳಿನ ಬೇಲಿ ಹಚ್ಚತಾರೇನ್ರಿ?"

ಕೂಲಿ ಎಣಿಸಿ ಕೊಟ್ಟು ಕಳಿಸಿದೆ.

ಎರಡು ದಿನಕ್ಕೆ ಬೇಲಿಯಲ್ಲಿದ್ದ ಜಾಲಿಯ ಎಲೆಗಳೆಲ್ಲ ಒಣಗಿದವು. ಒಂದು ಹುಳ ಮಾತ್ರ ಇನ್ನೂ ಜೀವಂತ ನೇತಾಡುತ್ತಿತ್ತು. ಸಿಟ್ಟಿನಿಂದ ಹೊಸಕಲು ಹೋದವನು ತಡೆದುಕೊಂಡೆ. ನನ್ನ ಗಿಡವನ್ನು ತಿಂದು ಬೆಳೆದ ಜೀವ, ಆಡುಗಳನ್ನು ಬಿಟ್ಟರೆ, ಲೋಕದಲ್ಲಿ ಇದೊಂದೇ. ಉಪ್ಪಿನಕಾಯಿ ಬಾಟಲಿಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಹೊರಟಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಎತ್ತಾಗ ಹೊಂಟೀರಿ?"

"ಹುಳಕ್ಕ ಸಾದಾ ಜಾಲಿ ಎಲಿನಾರ ತರಾಕ. ಕಾಲುವಿ ದಂಡಿಗೆ."

"ಗಿಡ ಇದ್ದಾಗ ಒಂದಿನಾನೂ ಒಂದು ತಂಬಗಿ ನೀರು ಹಾಕಲಿಲ್ಲ. ಬೆಳೆಸಿದಾಕಿ ನಾನು. ನೀವು ಬರೇ ಹೇಳ್ಕೋತ ಅಡ್ಡಾಡಿದ್ರಿ." ಅವಳ ಕಣ್ಣು ತುಂಬಿತ್ತು.

ಹುಳವಾದರೂ ದಿನವಿಡೀ ಗಿಡದ ಹತ್ತಿರ ಇರುತ್ತಿತ್ತು. ಚೀಲ ಹಿಡಿದು ಕಾಲುವೆ ಕಡೆ ಹೊರಟೆ.