ದೊಡ್ಡಮ್ಮನ ಮಡಿಲಲ್ಲಿ ಮೂರು ಅಂಕಣ

ಪಕ್ಕದ ಮನೆಯ ದೊಡ್ಡಮ್ಮ ವಾರಪತ್ರಿಕೆ ಕೊಡುವುದಿಲ್ಲ ಎಂದದ್ದೇ ಎಲ್ಲಕ್ಕೂ ಮೂಲ.

"ಧಾರಾವಾಹೀಲಿ ಆ ಹುಡುಗಿ ಬಾವಿಕಟ್ಟೆ ಮೇಲೆ ನಿಂತಿದ್ದಾಳೆ ಕಣಪ್ಪ. ಬೇಕಾದ್ರೆ ಓಡಿಹೋಗಿ ಒಂದು ಪುಟ ಜೆರಾಕ್ಸ್ ಮಾಡಿಸ್ಕೊಂಡು ಓಡಿ ಬಾ. ಅಷ್ಟರಲ್ಲಿ ಅವಳಿಗೇನಾದ್ರೂ ಆದ್ರೆ ನಿನ್ನೇ ಕೇಳ್ತೀನಿ!"

ಅವನು ಓಡಿದ, ಓಡಿ ಬಂದ.

ಮುದ್ರಣಾಲಯದಲ್ಲಿ ಅವನು ಕಾಗದ ಕತ್ತರಿಸುವವನು. ಎಲ್ಲರ ಬಾಯಲ್ಲಿ ಕಟಿಂಗಣ್ಣ. ಯಂತ್ರದ ಅಲಗು ಧಡ್ ಎಂದು ಇಳಿದಾಗಲೆಲ್ಲ ಅವನ ಜೀವವೂ ಒಂದಿಷ್ಟು ಇಳಿಯುತ್ತಿತ್ತು. ದಿನಾ ಸಂಜೆ ಬೆರಳು ಎಣಿಸಿಕೊಂಡೇ ಹೊರಡುತ್ತಿದ್ದ. ಈಗ ಕಿಟಕಿಯ ಪಕ್ಕದ ಪುಟವಿನ್ಯಾಸದ ಕುರ್ಚಿ ಖಾಲಿಯಾಗಿತ್ತು. ಅದರ ಆಸೆಗೆ ಸಂಜೆ ತರಗತಿ ಸೇರಿದ್ದ. ಇವತ್ತು ಪರೀಕ್ಷೆ. ಅಚ್ಚಾದ ಒಂದು ಪುಟದ ಅಕ್ಷರದ ಗಾತ್ರ, ಸಾಲಿನ ಅಂತರ, ಅಂಕಣದ ಅಗಲ ಎಲ್ಲ ಅಳೆದು, ಅದರ ಚೌಕಟ್ಟನ್ನು ತೆಳುಹಾಳೆಯ ಮೇಲೆ ಗೆರೆ ಎಳೆದು ತೋರಿಸಬೇಕು. "ಮೇಷ್ಟ್ರು ಏನಂತಾರೋ ನೋಡಿ ತೀರ್ಮಾನ ಮಾಡ್ತೀನಿ" ಎಂದಿದ್ದರು ಯಜಮಾನರು.

ಊಟದ ಬಿಡುವಿನಲ್ಲಿ ಆ ಜೆರಾಕ್ಸ್ ಪುಟ ಅಳೆಯಲು ಕೂತ. ಸಾಲುಗಳು ಅಳತೆಪಟ್ಟಿಗೆ ಒಗ್ಗಲೇ ಇಲ್ಲ. ಹಟಮಾರಿ ಮಗು ಮಡಿಲಿನಿಂದ ಜಾರುವ ಹಾಗೆ ಪ್ರತಿ ಗೆರೆಯಿಂದಲೂ ಜಾರಿದವು. ತನ್ನ ಕಣ್ಣೇ ಸರಿಯಿಲ್ಲವೇನೋ, ತಲೆಯೇ ಸರಿಯಿಲ್ಲವೇನೋ ಎಂದು ಮತ್ತೆ ಮತ್ತೆ ಅಳೆದ.

"ಹಸಿದ ಹೊಟ್ಟೇಲಿ ಅಳೆದ್ರೆ ಎಲ್ಲಾ ದೊಡ್ಡದಾಗೇ ಕಾಣೋದು. ಮೊದಲು ಉಣ್ಣು" ಎಂದಳು ಬೈಂಡಿಂಗಿನ ಅಕ್ಕ.

ಶಾಯಿ ಹಾಕುವ ಸುಮಾರಣ್ಣ ಇಣುಕಿದ. ಎಲ್ಲದಕ್ಕೂ 'ಸುಮಾರು' ಎನ್ನುವುದರಿಂದ ಬಂದ ಹೆಸರದು. ಅವನೂ ಅದೇ ತರಗತಿಯವನು. "ಅಕ್ಷರದ ಗಾತ್ರ ಸುಮಾರು ಹತ್ತು ಪಾಯಿಂಟ್ ಅಂತ ಬರಿಯೋ. ಓದೋರು ಪಟ್ಟಿ ಹಿಡ್ಕೊಂಡು ಓದ್ತಾರಾ? ನಂದು ಆಗ್ಲೇ ಮುಗೀತು. ಅಂಕಣ ಸುಮಾರು ಮೂರು ಬೆರಳು."

ಕಟಿಂಗಣ್ಣ ಮೂರೂ ಅಂಕಣಗಳ ಅಗಲ ಕೂಡಿಸಿದ. ಬೆವರಿಳಿಯಿತು. ಬೆಳಗ್ಗೆ ಕಂಕುಳಲ್ಲಿಟ್ಟುಕೊಂಡು ಓಡಿದ ಪತ್ರಿಕೆಗಿಂತ ಅದರೊಳಗಿನ ಬರಹವೇ ಅಗಲ!

ಕೆಲಸ ಬಿಟ್ಟವನೇ ಜೆರಾಕ್ಸ್ ಅಂಗಡಿಗೆ ಹೋದ. ಅಂಗಡಿಯವಳು ಹೆಮ್ಮೆಯಿಂದ ನಕ್ಕಳು. "ಹಾಳೆ ಮೂಗಿಗೆ ತಾಗಿಸ್ಕೊಂಡು ನೋಡ್ತಿದ್ರಲ್ಲಣ್ಣ, ಪಾಪ ಅನ್ನಿಸ್ತು. ಸ್ವಲ್ಪ ದೊಡ್ಡದು ಮಾಡ್ಕೊಟ್ಟೆ."

"ಎಷ್ಟು ದೊಡ್ಡದು ತಾಯಿ?"

"ಅದ್ಯಾರು ನೋಡ್ತಾರೆ? ಕಣ್ಣಿಗೆ ಹಿತ ಆಗೋವಷ್ಟು."

ಅಲ್ಲಿಂದ ದೊಡ್ಡಮ್ಮನ ಮನೆಗೆ ಬಿದ್ದು ಎದ್ದು ಓಡಿದ. ಪತ್ರಿಕೆ ಅವರ ಮಡಿಲಲ್ಲಿತ್ತು. ಬೇರೆ ದಾರಿಯಿಲ್ಲದೆ ಮಂಡಿಯೂರಿ ಅಲ್ಲೇ ಪಟ್ಟಿ ಇಟ್ಟ.

"ಕೈ ತೆಗಿ, ಅವಳು ಬಾವಿಗೆ ಇಣುಕ್ತಿದ್ದಾಳೆ!"

"ಒಂದು ಗಳಿಗೆ ಉಸಿರು ಬಿಡಬೇಡಿ ದೊಡ್ಡಮ್ಮ, ಅಂಕಣ ಅಲ್ಲಾಡುತ್ತೆ."

ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: "ಅಡ್ಡಬಿದ್ದಿದ್ದೀರಾ, ಏನಾದ್ರೂ ಬೀಳಿಸ್ಕೊಂಡಿದ್ದೀರಾ?"

ಆದರೆ ಈ ಸಲ ಸಾಲುಗಳು ತಂತಿಯ ಮೇಲೆ ಗುಬ್ಬಿಗಳು ಕೂತ ಹಾಗೆ ಒಂದೊಂದೂ ಗೆರೆಯ ಮೇಲೇ ಕೂತವು. ಅಷ್ಟರಲ್ಲಿ ಹುಡುಗಿಯೂ ಬಾವಿಕಟ್ಟೆ ಇಳಿದದ್ದರಿಂದ ಪತ್ರಿಕೆ ಅವನ ಕೈಗೇ ಸಿಕ್ಕಿತು.

ತರಗತಿಯಲ್ಲಿ ಮೇಷ್ಟ್ರು ತೆಳುಹಾಳೆಯನ್ನು ಪುಟದ ಮೇಲಿಟ್ಟರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಅಲ್ಲೇ ಯಜಮಾನರಿಗೆ ಫೋನು ಮಾಡಿ, ಮೂಲೆಗೆ ಹೋಗಿ ಬಹಳ ಹೊತ್ತು ಮಾತಾಡಿ, ಫೋನನ್ನು ಅವನ ಕೈಗೆ ಕೊಟ್ಟರು.

"ಶಭಾಷ್ ಕಣಯ್ಯ! ಕೂದಲೆಳೆಯಷ್ಟೂ ತಪ್ಪಿಲ್ವಂತೆ. ಇಂಥ ಕೈ ಅವರು ನೋಡೇ ಇಲ್ವಂತೆ!"

"ನಿಮ್ಮ ಆಶೀರ್ವಾದ ಸರ್. ಹಾಗಾದ್ರೆ ಆ ಕುರ್ಚಿ..."

"ಕುರ್ಚೀನಾ? ಇಂಥ ಕೈನ ಕುರ್ಚೀಲಿ ಕೂರಿಸಿ ಹಾಳು ಮಾಡ್ಲಾ? ಇನ್ನೊಂದು ಕಟಿಂಗ್ ಯಂತ್ರ ತರಿಸ್ತಿದ್ದೀನಿ, ಇದರ ಎರಡರಷ್ಟು ದೊಡ್ಡದು. ಎರಡೂ ನಿಂದೇ!"

ಅವನು ಇನ್ನೊಂದು ಕೈಯ ಬೆರಳು ಎಣಿಸಿಕೊಂಡ. "ಮತ್ತೆ... ಕುರ್ಚಿಗೆ ಯಾರು ಸರ್?"

"ಸುಮಾರಣ್ಣ. ಅವನ ಪುಟ ಎಷ್ಟೇ ಸೊಟ್ಟಗೆ ಬರ್ಲಿ, ಕತ್ತರಿಸಿ ನೆಟ್ಟಗೆ ಮಾಡೋಕೆ ನೀನಿದ್ದೀಯಲ್ಲಪ್ಪ!"